ಟಿವಿಯ ಆವಾಜು ಹೋದ ಸಂಜೆ

ನಲವತ್ನಾಲ್ಕನೇ ವಯಸ್ಸಿಗೆ ನಾನು ಬಿ.ಎಡ್. ಓದುತ್ತಿದ್ದೇನೆ. ನಗುವವರು ಈಗಲೇ ನಕ್ಕುಬಿಡಿ, ಮುಂದೆ ನಗುವಂಥದ್ದು ಬಹಳ ಇಲ್ಲ. ಚಿಕ್ಕೋಡಿಯ ಕಾಲೇಜಿನಲ್ಲಿ ನನ್ನ ಪಕ್ಕ ಕೂರುವ ಹುಡುಗಿಯರಿಗೆ ನನ್ನ ಮಗಳ ವಯಸ್ಸು. ನನ್ನನ್ನು ಅಕ್ಕಾ ಅನ್ನಬೇಕೋ ಆಂಟಿ ಅನ್ನಬೇಕೋ ತಿಳಿಯದೆ ಬರೀ "ರೀ" ಅಂತ ಕರೆದು ಮುಗಿಸುತ್ತಾರೆ. ಹೋದ ತಿಂಗಳು ನಮ್ಮ ಸರ್ ಒಂದು ಪ್ರಬಂಧ ಕೊಟ್ಟರು. ಮುಂದೆ ಶಿಕ್ಷಕರಾಗುವ ನೀವು ತರಗತಿಯಲ್ಲಿ ತಂತ್ರಜ್ಞಾನವನ್ನು ಹೇಗೆ ಬಳಸುವಿರಿ, ಎರಡು ಪುಟ ಬರೆಯಿರಿ ಅಂತ. ಹುಡುಗಿಯರು ಮೊಬೈಲನ್ನೇ ಕೇಳಿ, ಮಧ್ಯಾಹ್ನದ ಬಸ್ಸು ಬರುವುದರೊಳಗೆ ಬರೆದು ಕೊಟ್ಟುಬಿಟ್ಟರು. ನಾನು ಒಂದು ಸಾಲು ಬರೆದೆ: ತಂತ್ರಜ್ಞಾನವು ಮಕ್ಕಳನ್ನು ಸುಮ್ಮನೆ ಕೂರಿಸುತ್ತದೆ. ಅಲ್ಲಿಗೆ ಕೈ ನಿಂತುಹೋಯಿತು.

"ಏನ್ರೀ ಸುನಂದಾ ಅವರ, ಪೆನ್ನ ನಿಂತಬಿಟ್ಟೈತಲ್ರಿ?"

"ನಮ್ಮ ತಂಗಿ ನೆನಪಾದ್ಲರಿ ಸರ್."

"ಪ್ರಬಂಧದಾಗ ತಂಗಿ ಯಾಕ ಬಂದ್ಲರಿ? ಸ್ಮಾರ್ಟ್ ಬೋರ್ಡ್ ಬಗ್ಗೆ ಬರೀರಿ, ಮಾರ್ಕ್ಸ ಬೀಳ್ತಾವ."

ಸರ್ ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ತರಗತಿ, ತಂತ್ರಜ್ಞಾನ ಅಂದ ಕೂಡಲೇ ನನಗೆ ಕಾಣುವುದು ಶೇಡಬಾಳದ ನಮ್ಮ ಮನೆಯ ಪಡಸಾಲೆ. ಅಲ್ಲಿ ನಾನು ಒಂಬತ್ತನೇ ವಯಸ್ಸಿಗೇ ಬಾಯಾರು ಆಗಿದ್ದೆ. ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ನಮ್ಮ ಕಡೆ ಬಾಯಾರು ಅನ್ನುತ್ತಾರೆ. ನನ್ನ ಶಾಲೆಗೆ ಟಿವಿಯೂ ಇತ್ತು. ಇದ್ದದ್ದು ಒಬ್ಬಳೇ ವಿದ್ಯಾರ್ಥಿನಿ, ನನ್ನ ತಂಗಿ ಪದ್ಮಾ. ಎಲ್ಲರಿಗೂ ಪದ್ದಿ.

ಆ ಮನೆ ರೈಲಿನ ಡಬ್ಬಿಯ ಹಾಗೆ ಉದ್ದಕ್ಕಿತ್ತು. ಮುಂದೆ ಕಟ್ಟೆ, ಆಮೇಲೆ ಫರ್ಸಿಕಲ್ಲು ಹಾಸಿದ ಪಡಸಾಲೆ, ಅದರ ಒಳಗೆ ಅಡುಗೆಮನೆ, ಹಿಂದೆ ಎಮ್ಮೆ ಕಟ್ಟುವ ಹಿತ್ತಲು. ಪಡಸಾಲೆಯ ಒಂದು ಮೂಲೆಯಲ್ಲಿ ಅರಿಷಿಣದ ಚೀಲಗಳು ಇರುತ್ತಿದ್ದುದರಿಂದ ನಮ್ಮ ಪುಸ್ತಕ, ಅರಿವೆ, ತಲೆಗೂದಲು ಎಲ್ಲಕ್ಕೂ ಅರಿಷಿಣದ ವಾಸನೆ. ಪಡುವಣ ಗೋಡೆಯಲ್ಲಿ ಎತ್ತರಕ್ಕೆ ಒಂದು ಸಣ್ಣ ಕಿಟಕಿ. ಸಂಜೆಯಾದರೆ ಅದರಿಂದ ರೊಟ್ಟಿಯಗಲದ ಬಿಸಿಲು ಎದುರಿನ ಗೋಡೆಗೆ ಬಿದ್ದು, ಸೂರ್ಯ ಇಳಿದ ಹಾಗೆಲ್ಲ ಮೇಲಕ್ಕೆ ಹತ್ತುತ್ತಿತ್ತು. ಮೊದಲು ಚೀಲದ ಮೇಲೆ, ಆಮೇಲೆ ಅಪ್ಪನ ಕೋಟು ತೂಗುವ ಗೂಟದ ಮೇಲೆ, ಕೊನೆಗೆ ಕ್ಯಾಲೆಂಡರಿನ ಮೇಲೆ. ಕ್ಯಾಲೆಂಡರಿಗೆ ಬಂತೆಂದರೆ ಊಟದ ಹೊತ್ತು. ನಾವು ಜೈನರು. ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಒಲೆಗೂ ಬಾಯಿಗೂ ಕೆಲಸವಿಲ್ಲ. ಉಳ್ಳಾಗಡ್ಡಿ ಇಲ್ಲದ ಹೆಸರುಕಾಳಿನ ಪಲ್ಯ, ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಇವೆಲ್ಲ ಬೆಳಕಿರುವಾಗಲೇ ಹೊಟ್ಟೆ ಸೇರಬೇಕು. ಅವ್ವ ಒಲೆಯ ಮುಂದಿನಿಂದ ಏಳದೇ ಒದರುತ್ತಿದ್ದಳು.

"ಹೊತ್ತ ಹೊಂಟೈತಿ, ಬರ್ರೇ ಎಲ್ಲಾರೂ!"

ಅಪ್ಪ ಹಿತ್ತಲಿನಲ್ಲಿ ಕೈಕಾಲು ತೊಳೆಯುತ್ತಿದ್ದ. ನಾನು ಓಣಿಯಲ್ಲಿ ಕುಂಟಾಟದ ನಡುವೆ ಕೇಳಿಯೂ ಕೇಳದವಳ ಹಾಗೆ ಇರುತ್ತಿದ್ದೆ. ಪದ್ದಿ ಮಾತ್ರ ಅವ್ವ ಬಾಯಿ ತೆರೆಯುವ ಮೊದಲೇ ತನ್ನ ತಾಟು ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿರುತ್ತಿದ್ದಳು. ಅಪ್ಪನ ತಾಯಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಆಯಿಗೆ ಅದೇ ಒಂದು ಹೆಮ್ಮೆ.

"ನೋಡ ಸುನೀ, ನೋಡ. ಆಕಿನ್ನ ಕರ್ಯಾಕ ಹತ್ತೂದಿಲ್ಲ. ನಿನಗ ಊರ ಎಲ್ಲಾ ಒದರಬೇಕು, ಬೈರಿ ಕುಠಲಿ!"

ಬೈರಿ ಅಂದರೆ ಮರಾಠಿಯಲ್ಲಿ ಕಿವುಡಿ. ಆ ಮನೆಯಲ್ಲಿ ಆ ಬೈಗುಳ ಬೀಳುತ್ತಿದ್ದದ್ದು ನನಗೆ.

ಪದ್ದಿಗೆ ಮೂರು ವರ್ಷವಾದರೂ ಮಾತು ಬಂದಿರಲಿಲ್ಲ. ಬಾಯಿಂದ ಸದ್ದು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಇದಕ್ಕೆ ನಮ್ಮ ಮನೆಯಲ್ಲಿ ಸಿದ್ಧ ಉತ್ತರವೊಂದಿತ್ತು. ಆಯಿ ಮಿರಜ ಕಡೆಯವಳು, ಹುಟ್ಟಿದಾಗಿನಿಂದ ಮರಾಠಿ; ಅವಳ ಮಾತನ್ನು ಬಹುಪಾಲು ನಾನೇ ಇಲ್ಲಿ ಕನ್ನಡಕ್ಕೆ ತಿರುಗಿಸಿದ್ದೇನೆ. ಅವ್ವ ರಾಯಬಾಗ ಕಡೆಯವಳು, ಕನ್ನಡ. ಅಪ್ಪ ಎದುರಿಗೆ ಯಾರಿದ್ದರೋ ಅವರ ಭಾಷೆ. ಗಡಿಯಲ್ಲಿ ಇದು ಮನೆಮನೆಯ ಸಂಗತಿ. ಎರಡು ಭಾಷೆಯ ಮನೆಯ ಕೂಸು ತಡವಾಗಿ ಮಾತಾಡುತ್ತದೆ ಅನ್ನುವುದು ಓಣಿಗೆಲ್ಲ ಗೊತ್ತಿದ್ದ ವಿಷಯ. ಬಂದವರೆಲ್ಲ ಐದು ವರ್ಷಕ್ಕೆ ಬಾಯಿಬಿಟ್ಟ ಒಂದೊಂದು ಕೂಸಿನ ಹೆಸರು ಹೇಳಿ ಚಹಾ ಕುಡಿದು ಹೋಗುತ್ತಿದ್ದರು. ಕೂಸು ಕನ್ನಡಕ್ಕೆ ಓಗೊಡದಿದ್ದರೆ ಅದರ ತಲೆಯಲ್ಲಿ ಮರಾಠಿ ಕೂತಿದೆ. ಮರಾಠಿಗೆ ಓಗೊಡದಿದ್ದರೆ ಕನ್ನಡ ಕೂತಿದೆ. ಅತ್ತೆ ಸೊಸೆಯರಿಗೆ ಜಗಳಕ್ಕೆ ಬೇರೆ ಕಾರಣವೇ ಬೇಕಾಗಿರಲಿಲ್ಲ.

"ತುಮಚ ಕನ್ನಡ ಹಿಚ್ಯಾ ಡೋಕ್ಯಾತ ಜಾತ ನಾಹಿ!" ನಿಮ್ಮ ಕನ್ನಡ ಇದರ ತಲೆಗೆ ಹೋಗುತ್ತಿಲ್ಲ ಅಂತ ಆಯಿ.

"ಹಂಗಾರ ಮರಾಠ್ಯಾಗರ ಏನ ಮಾತಾಡ್ಯಾಳರಿ ಅತ್ತಿ? ಎರಡೂ ಕಲಸಿ ಕೂಸಿನ ತಲಿ ಅಂಬಲಿ ಮಾಡಿ ಇಟ್ಟೀರಿ."

ಕೊನೆಗೆ ಅಪ್ಪ ತೀರ್ಪು ಕೊಟ್ಟ. ಪದ್ದಿಯ ಮುಂದೆ ಎಲ್ಲರೂ ಕನ್ನಡವನ್ನೇ ಮಾತಾಡಬೇಕು, ಆಯಿಯೂ. ಆಯಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಪದ್ದಿ ಬಾಳಾ, ರೊಟ್ಟಿ ತಿನ್ನಾಂವ ಹೋಗ, ನಾಹಿತರ ಬೆಕ್ಕ ಬರ್ತಾಳ" ಅಂತ ಮರಾಠಿ ಬೆರೆಸಿ ಅನ್ನುವಾಗ ಅವ್ವ ಸೆರಗು, ನಾನು ಕೈ ಬಾಯಿಗಿಟ್ಟು ನಗುತ್ತಿದ್ದೆವು. ನಾವು ನಗುವುದನ್ನು ನೋಡಿ ಪದ್ದಿಯೂ ನಗುತ್ತಿದ್ದಳು. ಆರು ತಿಂಗಳಾದರೂ ಒಂದು ಮಾತು ಹುಟ್ಟಲಿಲ್ಲ. ತೀರ್ಪು ತಿರುಗಿತು, ಇನ್ನು ಬರೀ ಮರಾಠಿ. ಈಗ ಅವ್ವನ ನಾಲಿಗೆ ತೊದಲುವ ಸರದಿ. ಹೀಗೆ ಭಾಷೆ ಬದಲಿಸುವುದರಲ್ಲೇ ಒಂದು ವರ್ಷ ಹೋಯಿತು. ಪಕ್ಕದ ಮನೆಯ ಕಾಕೂ ಒಬ್ಬಳು ಮಾತ್ರ "ಕಿವಿ ಒಮ್ಮಿ ತೋರಸ್ರಿ" ಅಂದಿದ್ದಳು. ಆಯಿಗೆ ಸಿಟ್ಟು ಬಂದು, ಪಡಸಾಲೆಯಲ್ಲಿ ಕೂತು ಆಡುತ್ತಿದ್ದ ಪದ್ದಿಯ ಬೆನ್ನ ಹಿಂದೆ ತಾಮ್ರದ ಕೊಡವನ್ನು ಧಪ್ಪನೆ ಎತ್ತಿಹಾಕಿದಳು. ಪದ್ದಿ ಬೆಚ್ಚಿ ತಿರುಗಿ ನೋಡಿದಳು.

"ಕಂಡ್ರಲಾ? ನಮ್ಮ ಕೂಸಿನ ಕಿವಿ ನಿಮ್ಮಕಿಂತಾ ಚಲೋ ಅದಾವ."

ಕಲ್ಲುಹಾಸು ಅದುರಿದರೆ ಅದರ ಮೇಲೆ ಕೂತವರಿಗೆ ಮೈಯೆಲ್ಲ ತಿಳಿಯುತ್ತದೆ. ಇದನ್ನು ಮಿರಜದ ಡಾಕ್ಟರು ನಾಲ್ಕು ವರ್ಷ ಕಳೆದ ಮೇಲೆ ನಮಗೆ ಹೇಳಿದರು. ಅವತ್ತು ಕಾಕೂ ತಲೆ ತಗ್ಗಿಸಿ ಹೋದಳು.

ಆ ಮೇಲೆ ಟಿವಿ ಬಂತು. ಮರದ ಪೆಟ್ಟಿಗೆ, ಎಳೆದು ಮುಚ್ಚುವ ಬಾಗಿಲು, ಕಪ್ಪುಬಿಳುಪು. ಮಾಳಿಗೆಯ ಮೇಲೆ ಬಿದಿರು ಕಟ್ಟಿ ಅದರ ತುದಿಗೆ ಆ್ಯಂಟೆನಾ. ಬೆಳಗಾವಿ ಕಡೆ ತಿರುಗಿಸಿದರೆ ಬರೀ ಹಿಟ್ಟು ಜರಡಿ ಹಿಡಿದಂತೆ ಕಾಣುತ್ತಿತ್ತು, ಮಿರಜ ಕಡೆ ತಿರುಗಿಸಿದರೆ ಸ್ವಚ್ಛ ಮರಾಠಿ. ನನಗೆ ಆಗ ಬಾಯಾರು ಆಗುವ ಹುಚ್ಚು. ಕಂಡ ಬಾಗಿಲಿಗೆಲ್ಲ ಸೀಮೆಸುಣ್ಣದಲ್ಲಿ ಬರೆದು ಅಪ್ಪನ ಕೈಯಲ್ಲಿ ಬೈಸಿಕೊಳ್ಳುತ್ತಿದ್ದೆ. ಪದ್ದಿಯನ್ನು ಚಾಪೆಯ ಮೇಲೆ ಟಿವಿ ಮುಂದೆ ಕೂರಿಸಿ, ಪಕ್ಕದಲ್ಲಿ ನಾನು ಪಟ್ಟಿ ಹಿಡಿದು ನಿಲ್ಲತೊಡಗಿದೆ. ಪರದೆಯ ಮೇಲೆ ಮನೆ ಬಂದರೆ ಪಾಟಿಯ ಮೇಲೆ ಮನೆ ಅಂತ ಬರೆಯುವುದು, ಬಂಡಿ ಬಂದರೆ ಬಂಡಿ, ಹಕ್ಕಿ ಬಂದರೆ ಹಕ್ಕಿ. ಪದ್ದಿ ಚಿತ್ರ ನೋಡಿ, ನನ್ನ ಅಕ್ಷರ ನೋಡಿ, ಹಾಗೆಯೇ ತಿದ್ದುತ್ತಿದ್ದಳು. ಎಷ್ಟು ದುಂಡಗೆ ಅಂದರೆ ಅವಳ ಮುಂದೆ ನನ್ನ ಅಕ್ಷರ ಕೋಳಿ ಕಾಲಿನ ಹಾಗೆ. ಎರಡೆರಡು ತಾಸು ಮಿಸುಕದೆ ಕೂರುತ್ತಿದ್ದಳು. ಅವ್ವನಿಗೆ ನೆಮ್ಮದಿಯಿಂದ ರೊಟ್ಟಿ ಬಡಿಯುವುದು ಸಾಧ್ಯವಾಯಿತು. ಆಯಿಯ ಕಿವಿಗೆ ಮರಾಠಿ ಬಿತ್ತು. ಮೊದಲ ಸಲ ಇಬ್ಬರೂ ಒಂದೇ ಮಾತು ಹೇಳಿದರು, ಟಿವಿ ಕೂಸಿಗೆ ಕಲಿಸುತ್ತಿದೆ ಅಂತ. ಹೊಲದಿಂದ ಬಂದ ಅಪ್ಪ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದ.

"ನಮಸ್ಕಾರ್ರಿ ಸುನಂದಾ ಬಾಯಾರ. ಸಾಲಿ ಹೆಂಗ ನಡದೈತ್ರಿ?"

"ಚಲೋ ನಡದೈತ್ರಿ. ಪಾಲಕರು ಗದ್ದಲ ಮಾಡಬಾರ್ದರಿ."

ಅಪ್ಪ ಬಾಯಿಗೆ ಬೆರಳಿಟ್ಟುಕೊಂಡು ಒಳಗೆ ಹೋಗುತ್ತಿದ್ದ. ಅಷ್ಟು ಮರ್ಯಾದೆ ನನಗೆ ಆಮೇಲೆ ಎಲ್ಲಿಯೂ ಸಿಕ್ಕಿಲ್ಲ.

ಮಳೆಗಾಲ ಬಂತು. ದಿನಗಟ್ಟಲೆ ಮೋಡ. ಪಡುವಣ ಕಿಟಕಿಯಿಂದ ಬಿಸಿಲೇ ಬೀಳಲಿಲ್ಲ. ಎಲ್ಲರಿಗಿಂತ ಮೊದಲು ತಾಟು ಹಿಡಿದು ಬರುತ್ತಿದ್ದ ಪದ್ದಿ ಊಟಕ್ಕೆ ಬರುವುದನ್ನು ಬಿಟ್ಟಳು. ಹಿತ್ತಲಿನಲ್ಲಿ ಎಮ್ಮೆಕರುವಿನ ಕೊರಳು ತುರಿಸುತ್ತ ಕೂತಿರುತ್ತಿದ್ದಳು, ಅವ್ವ ಎಷ್ಟು ಒದರಿದರೂ ತಿರುಗುತ್ತಿರಲಿಲ್ಲ. ನಾವು ಉಂಡು, ಅವ್ವ ಗಡಿಗೆ ಮುಚ್ಚಿಟ್ಟು, ಕತ್ತಲು ಕವಿಯುವಾಗ ತಾಟು ಹಿಡಿದು ಹೊಸ್ತಿಲಿಗೆ ಬಂದು ನಿಂತಳು.

"ಹೊತ್ತ ಮುಳಗೇತಿ," ಅಂದಳು ಆಯಿ. "ಕರದಾಗ ಬರಬೇಕಿತ್ತು."

ಆಯಿ ಕೆಟ್ಟವಳಲ್ಲ. ಅವಳ ಪ್ರಕಾರ ಅದು ವ್ರತ, ಕೂಸಿಗೂ ಅಷ್ಟೇ, ಮುದುಕಿಗೂ ಅಷ್ಟೇ. ಹಾಗೆ ಆ ಮಳೆಗಾಲದಲ್ಲಿ ಪದ್ದಿ ಎಷ್ಟೋ ಸಲ ಉಪವಾಸ ಮಲಗಿದಳು. ಹಟಮಾರಿ ಅನ್ನುವ ಹೆಸರು ಬಂತು. ಅವ್ವ ಮರುದಿನ ತಾನೂ ಉಣ್ಣದೆ ಕೂತು ಅತ್ತಳೇ ಹೊರತು ಹಿಂದಿನ ದಿನ ಗಡಿಗೆಯ ಮುಚ್ಚಳ ತೆಗೆಯಲಿಲ್ಲ. ಮೋಡ ಹರಿದ ಮೊದಲ ಸಂಜೆ ನಾನು ನೋಡಿದೆ. ಪದ್ದಿ ಆಟ ಬಿಟ್ಟು ಎದುರು ಗೋಡೆಯನ್ನೇ ನೋಡುತ್ತಿದ್ದಳು. ಬಿಸಿಲು ಗೂಟ ದಾಟಿತು. ಅವಳು ನನ್ನ ಕಡೆ ತಿರುಗಿ, ಅಂಗೈಯನ್ನು ಗೋಡೆಗೆ ಒತ್ತಿ ಮೆಲ್ಲಗೆ ಮೇಲಕ್ಕೆ ಜಾರಿಸಿ ತೋರಿಸಿದಳು. ತಡಿ, ಇನ್ನೂ ಸ್ವಲ್ಪ ಐತಿ, ಅನ್ನುವ ಹಾಗೆ. ಮುಂದೆ ಅವಳು ಕಾಯುವುದಕ್ಕೆಲ್ಲ ಅದೇ ಸನ್ನೆ ಮಾಡತೊಡಗಿದಳು. ಬಸ್ಸು ಬರುವತನಕ, ಅಪ್ಪ ಬರುವತನಕ, ಹಾಲು ಕಾಯುವತನಕ. ಅಂಗೈ ಗೋಡೆಯ ಮೇಲೆ ಏರುತ್ತಿತ್ತು.

ನನಗೆ ಅವತ್ತೇ ಏನೋ ಅನುಮಾನ ಬಂತು. ಆದರೆ ಗೊತ್ತಾದದ್ದು ಟಿವಿಯ ಆವಾಜು ಹೋದ ಸಂಜೆ. ಅವತ್ತು ಭಾನುವಾರ, ಸಿನಿಮಾ ನೋಡಲು ಪಡಸಾಲೆಯ ತುಂಬ ಓಣಿಯ ಜನ. ಒಂದು ಸಿಡಿಲು ಹೊಡೆಯಿತು, ಟಿವಿ ಚಟ್ ಅಂದಿತು. ಚಿತ್ರ ಉಳಿಯಿತು, ಆವಾಜು ಸತ್ತಿತು. ಜನರೆಲ್ಲ ಒಂದೇ ಸಲ ಗದ್ದಲ ಎಬ್ಬಿಸಿದರು. ಅಪ್ಪ ಟಿವಿಯ ತಲೆಯ ಮೇಲೆ ಎರಡು ಗುದ್ದಿದ, ಬೆನ್ನ ಮೇಲೆ ಒಂದು.

"ಆವಾಜ ಇಲ್ಲದ ಸಿನಿಮಾ ಏನ ನೋಡೂದ ಮಾರಾಯಾ, ನಡೀರಿ," ಅಂತ ಒಬ್ಬೊಬ್ಬರೇ ಎದ್ದು ಹೋದರು. ಅಪ್ಪ, ಅವ್ವ, ಆಯಿಯೂ ಅವರ ಹಿಂದೆ ಕಟ್ಟೆಗೆ ಹೋಗಿ ಮಾತಿಗೆ ಕೂತರು.

ಪದ್ದಿ ಏಳಲಿಲ್ಲ. ಜನ ಯಾಕೆ ಎದ್ದರೆಂದು ಒಂದು ಕ್ಷಣ ಅತ್ತಿತ್ತ ನೋಡಿದಳು, ಮತ್ತೆ ಪರದೆಗೆ ತಿರುಗಿದಳು. ದಿನಾ ಹೇಗೆ ನೋಡುತ್ತಿದ್ದಳೋ ಹಾಗೆಯೇ. ಒಬ್ಬ ಡುಮ್ಮಣ್ಣ ಕೆಸರಿನಲ್ಲಿ ಜಾರಿ ಬಿದ್ದ, ಇವಳು ಹೊಟ್ಟೆ ಹಿಡಿದು ನಕ್ಕಳು. ನಾನು ಅವಳ ಬೆನ್ನ ಹಿಂದೆ ಹೋಗಿ ನಿಂತು ಮೆಲ್ಲಗೆ ಪದ್ದಿ ಅಂದೆ. ಆಮೇಲೆ ಜೋರಾಗಿ. ಆಮೇಲೆ ಅವಳ ಕಿವಿಯ ಹತ್ತಿರವೇ ಬಗ್ಗಿ ಗಂಟಲು ಹರಿಯುವ ಹಾಗೆ. ಅವಳ ಹೆಗಲು ಕೂಡ ಅಲುಗಲಿಲ್ಲ. ಮುಂದೆ ಬಂದು ಟಿವಿಗೆ ಅಡ್ಡ ನಿಂತು ಅವಳ ಮುಖ ನೋಡಿದೆ. ನನ್ನ ಮುಖದಲ್ಲಿ ಏನು ಕಂಡಿತೋ, ಅವಳ ನಗು ನಿಂತಿತು. ಕಣ್ಣು ಕೀಳದೆ ನನ್ನನ್ನೇ ನೋಡಿದಳು. ನಾನು ತಲೆ ತಿರುಗಿಸಿ ಪಾಟಿ ಒರೆಸತೊಡಗಿದೆ.

ಕಟ್ಟೆ ಹತ್ತು ಹೆಜ್ಜೆಯಲ್ಲಿತ್ತು. ಎಲ್ಲರೂ ಅಲ್ಲೇ ಇದ್ದರು. ನಾನು ಹೋಗಿ ಹೇಳಲಿಲ್ಲ. ಒಂಬತ್ತು ವರ್ಷದ ಕೂಸಿಗೆ ಏನು ತಿಳಿಯುತ್ತಿತ್ತು ಬಿಡು ಅಂತ ನನ್ನ ಗಂಡ ಸಮಾಧಾನ ಮಾಡುತ್ತಾನೆ. ತಿಳಿಯುತ್ತದೆ. ಟಿವಿ ಇವಳಿಗೆ ಏನೂ ಕಲಿಸಿಲ್ಲ, ಸುಮ್ಮನೆ ಕೂರಿಸಿದೆ, ಮತ್ತು ನಾನು ಬಾಯಾರು ಅಲ್ಲ, ಇಷ್ಟೂ ನನಗೆ ಸ್ಪಷ್ಟ ತಿಳಿದಿತ್ತು. ಹೇಳಿದರೆ ಅಪ್ಪ ನಾಳೆಯಿಂದ ಕೈಮುಗಿಯುವುದಿಲ್ಲ ಅನ್ನುವುದೂ ತಿಳಿದಿತ್ತು. ಅಥಣಿಯಿಂದ ಒಬ್ಬಾತ ಬಂದು ಟಿವಿ ರಿಪೇರಿ ಮಾಡಿ ಹೋದ. ನಾನು ಇನ್ನಷ್ಟು ಕೆಟ್ಟದ್ದನ್ನು ಮಾಡಿದೆ. ಯಾರಾದರೂ ಪದ್ದಿಯನ್ನು ಕರೆದರೆ ನಾನು ಹಿಮ್ಮಡಿಯಿಂದ ಫರ್ಸಿಯ ಮೇಲೆ ಧಡ್ ಅನ್ನಿಸುತ್ತಿದ್ದೆ. ಅವಳು ತಿರುಗುತ್ತಿದ್ದಳು. ಎಲ್ಲರಿಗೂ ಖುಷಿ, ಈಗೀಗ ಮಾತು ಕೇಳುತ್ತಾಳೆ ಅಂತ.

ಶಾಲೆಗೆ ಹಚ್ಚುವ ದಿನವೂ ನಾನೇ ಜೊತೆಗೆ ಹೋದೆ. ಹೆಡ್ ಮಾಸ್ತರರ ಕುರ್ಚಿಯ ಹಿಂದೆ, ಪದ್ದಿಗೆ ಕಾಣುವ ಹಾಗೆ ನಿಂತುಕೊಂಡೆ.

"ಏನವಾ, ನಿನ್ನ ಹೆಸರೇನು?"

ನಾನು ಬೆರಳಿನಿಂದ ಅಂಗೈ ಮೇಲೆ ಬರೆದು ತೋರಿಸಿದೆ. ಪದ್ದಿ ಪಾಟಿ ಎತ್ತಿಕೊಂಡು ಪದ್ಮಾ ಅಂತ ಬರೆದಳು.

"ಆಹಾ! ಅಕ್ಷರ ಮುತ್ತಿನಂಗ ಅದಾವಲ್ರಿ ಪಾಟೀಲರ. ಮಾತ ತಾನ ಬರ್ತಾವ, ಬಿಡ್ರಿ."

ಅಪ್ಪನ ಕಣ್ಣು ಒದ್ದೆಯಾಯಿತು. ಹೆಸರು ಹಚ್ಚಿದರು. ಮೂರನೆಯ ದಿನ ಉಕ್ತಲೇಖನ. ಮಾಸ್ತರರು ಹೇಳಿದ್ದನ್ನು ಎಲ್ಲರೂ ಬರೆದರು. ಪದ್ದಿ ಗೋಡೆಯ ಮೇಲಿದ್ದ ನಕಾಶೆಯನ್ನು ನೋಡಿ ದುಂಡಗೆ 'ಕರ್ನಾಟಕ' ಅಂತ ಹತ್ತು ಸಲ ಬರೆದಿಟ್ಟಳು. ಚೇಷ್ಟೆ ಮಾಡುತ್ತಾಳೆ ಅಂತ ಅಂಗೈ ಮೇಲೆ ಛಡಿ ಬಿತ್ತು. ಒಂದು ವರ್ಷ ಪೂರ್ತಿ ಬಿತ್ತು. ಸಂಜೆ ಅವ್ವ ಆ ಅಂಗೈಗಳಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತ, "ಯಾಕ ಬೇ ಮಾಸ್ತರ ಮಾತ ಕೇಳಂಗಿಲ್ಲ ನೀನು?" ಅಂತ ಕೇಳುತ್ತಿದ್ದಳು. ಪದ್ದಿ ಅವ್ವನನ್ನು ಬಿಟ್ಟು ನನ್ನನ್ನು ನೋಡುತ್ತಿದ್ದಳು. ನಾನು ಟಿವಿ ನೋಡುತ್ತಿದ್ದೆ.

ಮರುವರ್ಷ ಹೊಸ ಬಾಯಾರು ಒಬ್ಬರು ಬಂದರು. ತಾವು ಹಲಗೆಯ ಕಡೆ ತಿರುಗಿದಾಗಲೆಲ್ಲ ಪದ್ದಿಯ ಪೆನ್ಸಿಲ್ಲು ನಿಲ್ಲುವುದನ್ನು ಅವರು ವಾರದಲ್ಲಿ ಹಿಡಿದರು. ಡಸ್ಟರನ್ನು ಬಾಯಿಗೆ ಅಡ್ಡ ಹಿಡಿದು ಅವಳ ಹೆಸರು ಕರೆದು ನೋಡಿದರು. ಅಷ್ಟೇ ಅವರು ಮಾಡಿದ ಪರೀಕ್ಷೆ. ಅಪ್ಪನನ್ನು ಕರೆಸಿ ಮಿರಜಕ್ಕೆ ಕಳಿಸಿದರು. ಅಲ್ಲಿನ ಡಾಕ್ಟರು ಅವಳ ವಯಸ್ಸು ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇತಕ್ಯಾ ಉಶಿರಾ?" ಇಷ್ಟು ತಡವಾಗಿ?

ಕಿವಿಗೆ ವೈರು, ಎದೆಗೆ ಡಬ್ಬಿ ಕಟ್ಟುವ ಯಂತ್ರ ಕೊಟ್ಟರು. ಬರೀ ಗದ್ದಲ ಕೇಳುತ್ತದೆ, ಮಾತು ಹಿಡಿಯುವ ವಯಸ್ಸು ದಾಟಿದೆ ಅಂದರು. ಪದ್ದಿ ಅದನ್ನು ಎರಡು ದಿನ ಕಟ್ಟಿಕೊಂಡು, ಮೂರನೇ ದಿನ ಬಿಚ್ಚಿ ಬೇಳೆ ಡಬ್ಬಿಯೊಳಗೆ ಹೂತಿಟ್ಟಳು. ಅವತ್ತು ಮಿರಜದ ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ಸೊಸೆಯರು ಒಬ್ಬರ ಹೆಗಲ ಮೇಲೆ ಒಬ್ಬರು ಬಿದ್ದು ಅತ್ತರು. ಅವ್ವ ತನ್ನ ಕನ್ನಡದ್ದೇ ತಪ್ಪು ಅಂದಳು, ಆಯಿ ತನ್ನ ಮರಾಠಿಯದು ಅಂದಳು. ಅಪ್ಪ ಟಿವಿ ತಂದದ್ದಕ್ಕೆ ತನ್ನನ್ನೇ ಬೈದುಕೊಂಡ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನು ನೀರಿನ ಬಾಟಲಿ ಹಿಡಿದು ನಿಂತಿದ್ದೆ. ವರ್ಷಗಳು ಕಳೆದು ಆಯಿ ತೀರಿಹೋದಳು, ಅಪ್ಪ ಅವ್ವ ತೀರಿಹೋದರು. ಮೂವರೂ ತಮ್ಮ ತಮ್ಮ ತಪ್ಪನ್ನೇ ನಂಬಿಕೊಂಡು ಹೋದರು.

ಹೋದ ವಾರ ರಾಯಬಾಗ ಹತ್ತಿರದ ಒಂದು ಶಾಲೆಯಲ್ಲಿ ನನ್ನ ಪಾಠದ ಪರೀಕ್ಷೆ. ಸ್ಮಾರ್ಟ್ ಬೋರ್ಡಿನ ಮೇಲೆ ಮಳೆ ಹೇಗೆ ಬರುತ್ತದೆ ಅನ್ನುವ ವಿಡಿಯೋ. ಹಿಂದಿನ ಬೆಂಚಿನಲ್ಲಿ ನಮ್ಮ ಸರ್ ಹಾಳೆ ಹಿಡಿದು ಕೂತಿದ್ದರು. ಅರ್ಧಕ್ಕೆ ನಾನು ಬೇಕಂತಲೇ ಆವಾಜು ತೆಗೆದೆ.

"ಬಾಯಾರ, ಆವಾಜ ಬರವಲ್ದರೀ!" ಅಂತ ತರಗತಿಗೆ ತರಗತಿಯೇ ಕೂಗಿತು.

ನಾನು ಒಂದೊಂದೇ ಬಾಯಿ ನೋಡುತ್ತ ಹೋದೆ. ಕಿಟಕಿಯ ಬದಿಯ ಒಂದು ಹುಡುಗಿಯ ಬಾಯಿ ಅಲುಗಿದ್ದು ಕಾಣಲಿಲ್ಲ. ಬೆಂಚುಗಳ ನಡುವೆ ಹಾದು, ಅವಳ ಬೆನ್ನ ಹಿಂದೆ ನಿಂತು, ಮೆಲ್ಲಗೆ ಹೆಸರು ಹಿಡಿದು ಕರೆದೆ. ತಟ್ಟನೆ ತಿರುಗಿದಳು.

"ನಾನೂ ಒದರೀನ್ರಿ ಬಾಯಾರ! ನಿಮಗ ಕೇಳಿಸಿಲ್ಲ."

ಮಕ್ಕಳೆಲ್ಲ ನಕ್ಕರು. ಸರ್ ತಮ್ಮ ಹಾಳೆಯಲ್ಲಿ ಉಪಕರಣ ಬಳಕೆಯ ಸಿದ್ಧತೆ ಸಾಲದು ಅಂತ ಬರೆದರು. ಬರೆಯಲಿ.

ಪದ್ದಿ ಈಗ ಜುಗೂಳದಲ್ಲಿದ್ದಾಳೆ. ಗಂಡ ಹೆಂಡತಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಗಿರಣಿ ತಿರುಗುವಾಗ ಬಂದವರೆಲ್ಲ ಕೈಸನ್ನೆಯಲ್ಲೇ ಮಾತಾಡಬೇಕು, ಅಲ್ಲಿ ಅವಳೇ ಎಲ್ಲರಿಗಿಂತ ಚುರುಕು. ಅವತ್ತು ಸಂಜೆ ಮೊಬೈಲಿನಲ್ಲಿ ಅವಳ ವಿಡಿಯೋ ಕಾಲ್ ಬಂತು. ಕೂದಲು, ಹುಬ್ಬು ಎಲ್ಲ ಹಿಟ್ಟು. ಪಾಠ ಹೇಗಾಯಿತು ಅಂತ ಕೇಳಿದಳು. ನಮ್ಮಿಬ್ಬರದು ಆ ಪಡಸಾಲೆಯಲ್ಲೇ ಹುಟ್ಟಿದ ಸನ್ನೆಗಳು, ಬೇರೆ ಯಾರಿಗೂ ತಿಳಿಯುವುದಿಲ್ಲ. ನಾನು ಕೈಯಲ್ಲಿ ಚೌಕ ಬರೆದು ಟಿವಿ ಅಂದೆ, ಕಿವಿ ಮುಟ್ಟಿ ಮುಷ್ಟಿ ಮುಚ್ಚಿ ಆವಾಜು ತೆಗೆದೆ ಅಂದೆ, ಮಕ್ಕಳು ಬಾಯಿ ಹರಿದುಕೊಂಡದ್ದನ್ನು ತೋರಿಸಿದೆ. ಅವಳು ನಕ್ಕಳು. ನನ್ನ ಕೈ ಅಲ್ಲಿಗೇ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ನಮ್ಮ ಮನೆ, ಅಂದೆ. ಟಿವಿ. ಆವಾಜು ಹೋಯಿತು. ಎಲ್ಲರೂ ಎದ್ದು ಹೋದರು. ನೀನು ನಗುತ್ತಿದ್ದೆ. ನಾನು... ಮುಂದಿನದಕ್ಕೆ ನನ್ನ ಹತ್ತಿರ ಸನ್ನೆ ಇರಲಿಲ್ಲ. ಇಷ್ಟು ವರ್ಷ ಬೇಕಾಗಿರಲಿಲ್ಲ.

ಪದ್ದಿ ಮೊಬೈಲನ್ನು ಒಂದು ಡಬ್ಬಿಗೆ ಆನಿಸಿಟ್ಟಳು. ನನ್ನ ಕಡೆ ಬೆರಳು ತೋರಿಸಿದಳು, ತನ್ನ ಕಣ್ಣು ಮುಟ್ಟಿದಳು, ಆಮೇಲೆ ತನ್ನ ಎದೆ. ನೀನು ಅವತ್ತು ನನ್ನನ್ನು ನೋಡಿದೆ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು. ಆಮೇಲೆ ಅವಳು ಪಕ್ಕದ ನೀಲಿ ಗೋಡೆಗೆ ಅಂಗೈ ಒತ್ತಿದಳು, ಕಾಯುವುದಕ್ಕೆ ಮಾಡುವ ಆ ಹಳೇ ಸನ್ನೆ; ಮೆಲ್ಲಗೆ ಮೇಲಕ್ಕೆ ಜಾರಿಸತೊಡಗಿದಳು. ಕೈ ಅವಳ ಹೆಗಲು ದಾಟಿತು, ತಲೆ ದಾಟಿತು, ಮೊಬೈಲಿನ ಅಂಚು ದಾಟಿ ಮೇಲೆ ಹೋಯಿತು. ನನಗೆ ಮೊಣಕೈ ಮಾತ್ರ ಕಾಣುತ್ತಿತ್ತು, ಅದರ ಕೆಳಗೆ ಗೋಡೆಯುದ್ದಕ್ಕೂ ಹಿಟ್ಟಿನ ಬಿಳಿ ಗೆರೆ. ಕೈ ಇನ್ನೂ ಏರುತ್ತಲೇ ಇತ್ತು.